ಮೊಣಕೈ ಹೇಳಿದ ಹದ

“ಯಾರನ್ನ ಕೇಳಿ ಇಷ್ಟು ಕಾದೆ?”

ತಾರಸಿಯ ಮೇಲೆ ಅವನೊಬ್ಬನೇ ಇದ್ದ. ಎದುರಿಗೆ ನೀರಿನ ಟ್ಯಾಂಕು, ಅದರ ಹೊಟ್ಟೆಯಿಂದ ಓರೆಯಾಗಿ ಇಳಿದ ಕಪ್ಪು ಗಾಜಿನ ಕೊಳವೆಗಳ ಸಾಲು, ಆಚೆಗೆ ಪಕ್ಕದವರ ತಾರಸಿಯಲ್ಲಿ ಒಣಗುತ್ತಿದ್ದ ಬಟ್ಟೆ. ಅವನು ಕೇಳಿದ್ದು ಆ ಟ್ಯಾಂಕನ್ನೇ. ಆಸ್ಪತ್ರೆಯಿಂದ ಬಂದವನು ಮನೆಯೊಳಗೆ ಕಾಲಿಡದೆ ನೇರ ಮೆಟ್ಟಿಲು ಹತ್ತಿದ್ದ. ಅಂಗಿಯ ತೋಳಿಗೆ ಅಮ್ಮನ ಮೈಗೆ ಬಳಿದ ಬಿಳಿ ಮುಲಾಮು ಅಂಟಿತ್ತು. ಟ್ಯಾಂಕಿನಿಂದ ಬಿಸಿನೀರು ಹೊರಡುವ ಕಡೆ ಪೈಪನ್ನು ಮುಟ್ಟಿದ. ಕೈ ತನ್ನಷ್ಟಕ್ಕೆ ಹಿಂದೆ ಸರಿಯಿತು. ಮತ್ತೆ ಮುಟ್ಟಿದ. ಈ ಸಲ ಬೇಕೆಂದೇ ಹಿಡಿದುಕೊಂಡ, ಹಲ್ಲು ಕಚ್ಚಿ, ತಡೆಯುವಷ್ಟು ಹೊತ್ತು.

ಬಿಸಿಲಿನಿಂದ ನೀರು ಕಾಯಿಸುವ ಈ ಯಂತ್ರಗಳನ್ನು ಮನೆಮನೆಯ ತಾರಸಿಗೆ ಕೂರಿಸುವುದು ಅವನ ಕಸುಬು. ಬೀದಿಗೆಲ್ಲ ಅವನು ಬಿಸಿನೀರಣ್ಣ. ಪಂಪು ಎಲ್ಲಿ, ಕರೆಂಟು ಎಲ್ಲಿ, ನೀರು ಮೇಲಕ್ಕೆ ಹೋಗುವುದು ಹೇಗೆ ಎಂದು ಗಿರಾಕಿಗಳು ಕೇಳುತ್ತಿದ್ದರು. ಅವನ ಉತ್ತರ ಬಾಯಿಪಾಠವಾಗಿಹೋಗಿತ್ತು.

“ಯಾರೂ ತಳ್ಳಲ್ಲ ಸ್ವಾಮಿ. ಬಿಸಿಲು ಈ ಕೊಳವೆಗೆ ಬೀಳುತ್ತೆ, ಒಳಗಿನ ನೀರು ಕಾಯುತ್ತೆ. ಕಾದ ನೀರು ಹಗುರ, ತಾನಾಗೇ ಟ್ಯಾಂಕಿಗೆ ಏರುತ್ತೆ. ಟ್ಯಾಂಕಲ್ಲಿರೋ ತಣ್ಣೀರು ಭಾರ, ತಾನಾಗೇ ಕೊಳವೆಗೆ ಇಳಿಯುತ್ತೆ. ಅದು ಏರ್ತಾ ಇರುತ್ತೆ, ಇದು ಇಳೀತಾ ಇರುತ್ತೆ. ರಾತ್ರಿ ಆರದ ಹಾಗೆ ಟ್ಯಾಂಕಿಗೆ ದಪ್ಪ ಹೊದಿಕೆ ಇದೆ, ನಮ್ಮ ರಜಾಯಿ ಇದ್ದ ಹಾಗೆ. ನಾವು ಮಾಡೋದು ನಲ್ಲಿ ತಿರುಗಿಸೋದಷ್ಟೇ.”

ಕೊನೆಗೆ ಗಂಟಲು ಸರಿಮಾಡಿಕೊಂಡು ಇನ್ನೊಂದು ಮಾತು ಸೇರಿಸುತ್ತಿದ್ದ. “ಒಂದು ವಿಷಯ ಗಮನದಲ್ಲಿಟ್ಕೊಳ್ಳಿ. ಇದಕ್ಕೆ ಸಾಕು ಅನ್ನೋದು ಗೊತ್ತಿಲ್ಲ. ನೀವು ಬಿಸಿನೀರು ಬಿಟ್ಟುಕೊಂಡ್ರೆ ಮಾತ್ರ ಅದರ ಜಾಗಕ್ಕೆ ತಣ್ಣೀರು ಬರುತ್ತೆ. ಮನೆಗೆ ಬೀಗ ಹಾಕಿ ಹೋದ್ರಿ ಅಂದುಕೊಳ್ಳಿ, ಅದೇ ನೀರು ಕಾದದ್ದೇ ಕಾಯುತ್ತೆ. ಹೋಗುವಾಗ ಕೊಳವೆ ಮೇಲೆ ಒಂದು ಗೋಣಿತಾಟು ಹೊದಿಸಿ ಹೋಗಿ.”

ಕಳೆದ ವಾರ ಅಮ್ಮನನ್ನು ಕರೆದುಕೊಂಡು ಪರವೂರಿಗೆ ಹೊರಟು ತನ್ನ ಮನೆಗೇ ಬೀಗ ಹಾಕುವಾಗ ಹೆಂಡತಿ ಕೇಳಿದ್ದಳು: “ರೀ, ಮೇಲೆ ತಾಟು ಹೊದಿಸಿದ್ರಾ?”

“ಬೇಡ ಬಿಡು. ಬಸ್ಸಲ್ಲಿ ಕೂತು ಕೂತು ಅಮ್ಮನ ಮೈ ಮರಗಟ್ಟಿರುತ್ತೆ. ಬಂದ ತಕ್ಷಣ ಬಿಸಿಬಿಸಿ ನೀರು ಸಿಗಲಿ.”

ಹೇಳಿದ್ದು ಅಷ್ಟೇ. ಪ್ರೀತಿಯಿಂದಲೇ ಹೇಳಿದ್ದು.

ಅಮ್ಮ ದುಡಿಯುವ ವಯಸ್ಸನ್ನೆಲ್ಲ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಕಳೆದವಳು. ಹಾಸಿಗೆ ಬಟ್ಟೆಗಳಿಗೆ ಅಲ್ಲಿ ಯಂತ್ರಗಳಿದ್ದವು. ಹಸುಗೂಸುಗಳ ಉಣ್ಣೆಯ ಬಟ್ಟೆಯನ್ನು ಮಾತ್ರ ಕೈಯಲ್ಲೇ ಒಗೆಯಬೇಕು, ಅದೂ ಮೈಬಿಸಿಯ ನೀರಿನಲ್ಲಿ. ಬಿಸಿ ಹೆಚ್ಚಾದರೆ ಉಣ್ಣೆ ಮುದುಡಿ ಗೊಂಬೆಯ ಬಟ್ಟೆಯಾಗುತ್ತದೆ. ಬಲಗೈಯಲ್ಲಿ ಕಲಕುವ ಕೋಲು ಇರುವುದರಿಂದ ಹದ ನೋಡುವ ಕೆಲಸ ಎಡ ಮೊಣಕೈಯದು. ತೋಳು ಮಡಚಿ ಮೊಣಕೈಯನ್ನು ತೊಟ್ಟಿಗೆ ಅದ್ದುವುದು. ಸುಟ್ಟರೆ ಹೆಚ್ಚು, ಚಳಿಯೆನ್ನಿಸಿದರೆ ಕಡಿಮೆ, ಏನೂ ಅನ್ನಿಸದಿದ್ದರೆ ಸರಿ. ನೀರು ಇದೆಯೋ ಇಲ್ಲವೋ ಮೊಣಕೈಗೆ ಗೊತ್ತೇ ಆಗಬಾರದು, ಅದೇ ಹದ. ಹೊಸದಾಗಿ ಸೇರಿದ ಹೆಂಗಸರಿಗೆ ಅಮ್ಮ ಇದನ್ನೇ ಕಲಿಸುತ್ತಿದ್ದಳು: “ಮೊಣಕೈ ಮಾತಾಡಿದ್ರೆ ತಪ್ಪು ಕಣ್ರೇ, ಸುಮ್ಮನಿದ್ರೆ ಸರಿ.”

ಆ ಯಂತ್ರಗಳ ಗದ್ದಲದಲ್ಲೇ ಅವಳು ಪದ್ಯ ಹೇಳಿಕೊಳ್ಳುತ್ತಿದ್ದದ್ದು. ಅಜ್ಜಿಯ ಬಾಯಿಂದ ಬಾಯಿಗೆ ಬಂದ ದೇವರ ಪದ್ಯಗಳು, ಯಾವ ಪುಸ್ತಕದಲ್ಲೂ ಅವಳು ನೋಡಿದ್ದಲ್ಲ. ಪಕ್ಕದಲ್ಲಿ ನಿಂತವಳಿಗೂ ಕೇಳುತ್ತಿರಲಿಲ್ಲ. ಕೇಳಬೇಕಾದವನಿಗೆ ಕೇಳಿದರೆ ಸಾಕಾಗಿತ್ತು. ಕೆಲಸ ಬಿಟ್ಟ ಮೇಲೆ ಮನೆಯ ಬಚ್ಚಲೇ ಆ ಜಾಗವಾಯಿತು. ಬಾಗಿಲು ಹಾಕಿಕೊಂಡು, ಮಣೆಯ ಮೇಲೆ ಕೂತು, ಚೆಂಬಿಗೊಂದು ಸಾಲು. ಸಾಲು ಮುಗಿಯುವಲ್ಲಿ ನೀರು ಬೀಳುತ್ತಿತ್ತು. ಚೆಂಬು ಮತ್ತೆ ಮುಳುಗುವಷ್ಟು ಹೊತ್ತು ಉಸಿರು. ಆಮೇಲೆ ಮುಂದಿನ ಸಾಲು. ಮನೆಯವರಿಗೆ ಗೋಡೆಯಾಚೆಯಿಂದ ಧಾಟಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎದುರಿಗೆ ಒಬ್ಬರಿದ್ದರೂ ಅವಳ ಬಾಯಿಂದ ಅಕ್ಷರ ಹೊರಡದು.

“ಹೊರಗೆ ಕೂತು ಹೇಳಿದ್ರೆ ನಾವೂ ಕೇಳ್ತೀವಲ್ಲ ಅತ್ತೆ,” ಎಂದು ಸೊಸೆ ಒಮ್ಮೆ ಅಂದಿದ್ದಳು.

“ನಿಮಗೆ ಕೇಳಿಸೋಕೆ ರೇಡಿಯೋ ಇದೆ ಕಣೇ. ಇದು ಬೇರೆಯವರ ಪಾಲು.”

ಊರಿಗೆಲ್ಲ ಬಿಸಿನೀರು ಹಂಚಿದವನ ಮನೆಯಲ್ಲಿ ಬಹಳ ಕಾಲ ನೀರು ಕಾಯುತ್ತಿದ್ದದ್ದು ಗ್ಯಾಸ್ ಒಲೆಯ ಮೇಲೆ. “ಸಾಹೇಬರು ಇವತ್ತು ಯಾರ ಮನೆ ತಾರಸಿ ಉದ್ಧಾರ ಮಾಡಿದ್ರು?” ಎಂದು ಅಮ್ಮ ಚುಚ್ಚುತ್ತಿದ್ದಳು. “ನಿಂದೂ ಮಾಡ್ತೀನಿ ಇರಮ್ಮ,” ಎಂದು ಅವನು ಊಟಕ್ಕೆ ಕೂರುತ್ತಿದ್ದ. ಹಾಗೆ ಮುಂದೂಡುತ್ತಿದ್ದ ಕೆಲಸವನ್ನು ಅವಳಿಗೆ ಲಕ್ವ ಹೊಡೆದ ಮೇಲೆ ಒಂದೇ ದಿನದಲ್ಲಿ ಮುಗಿಸಿದ. ಎಡಭಾಗ ಬಿದ್ದುಹೋಗಿದ್ದ ಅಮ್ಮ ನಿಧಾನಕ್ಕೆ ಎದ್ದು ಕೂತಿದ್ದಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಎಡಗೈ ಮೇಲೇಳುತ್ತಿತ್ತು, ಮಡಚುತ್ತಿತ್ತು. ಇನ್ನು ತಾನೇ ಸ್ನಾನ ಮಾಡುತ್ತೇನೆಂದು ಹಟ ಹಿಡಿದಿದ್ದಳು.

ಯಂತ್ರ ಕೂರಿಸಿದ ದಿನ ಅವನು ಚೀಲದಿಂದ ಒಂದು ಹಿತ್ತಾಳೆಯ ಸಾಮಾನು ತೆಗೆದು ತೋರಿಸಿದ. “ಇದು ಮಿಕ್ಸಿಂಗ್ ವಾಲ್ವ್ ಅಮ್ಮ. ಮೇಲೆ ಎಷ್ಟೇ ಕಾದಿರಲಿ, ಬಚ್ಚಲಿಗೆ ಬರೋ ಹೊತ್ತಿಗೆ ತಣ್ಣೀರು ಬೆರೆಸಿ ಹದ ಮಾಡಿ ಕೊಡುತ್ತೆ.”

“ಅಂದ್ರೆ ನನ್ನ ಮೊಣಕೈ ಮಾಡೋ ಕೆಲಸ.”

“ಹಾಗೇ ಅಂದುಕೋ.”

“ಹಾಗಿದ್ರೆ ಮೊಣಕೈ ಇಲ್ಲದವರ ಮನೆಗೆ ಹಾಕು ಹೋಗೋ! ನಂಗೆ ಹದ ಕಲಿಸೋಕೆ ಬಂದ.”

ಲಕ್ವದಿಂದ ಸೊಟ್ಟಗಾದ ಬಾಯಲ್ಲಿ ಅಮ್ಮನ ಹಳೆಯ ಮಾತು ಕೇಳಿ ಅವನಿಗೆ ಎಷ್ಟು ಹಿಗ್ಗಾಯಿತೆಂದರೆ, ನಗುತ್ತಾ ಅದನ್ನು ಚೀಲಕ್ಕೆ ವಾಪಸ್ ಹಾಕಿದ. ಆಗ ಮೋಡದ ಕಾಲ. ನೀರು ಬೆಚ್ಚಗಾಗುವುದೇ ದೊಡ್ಡದಾಗಿತ್ತು. ಅಮ್ಮ ದಿನವೂ ಮೊಣಕೈ ಅದ್ದಿದಳು, ಮೊಣಕೈ ದಿನವೂ ಸುಮ್ಮನಿತ್ತು. ಬಚ್ಚಲಿನಿಂದ ಮತ್ತೆ ಧಾಟಿ ಕೇಳತೊಡಗಿತು. ಮನೆ ಮೊದಲಿನಂತಾಯಿತೆಂದು ಗಂಡಹೆಂಡಿರಿಬ್ಬರೂ ನಂಬಿದರು.

ಕಳೆದ ವಾರ ಹೋಗಿದ್ದು ನರರೋಗದ ಡಾಕ್ಟರನ್ನು ನೋಡಲು. ಅವರ ಆಸ್ಪತ್ರೆ ಇದ್ದದ್ದು ಸೊಸೆಯ ಅಕ್ಕನ ಊರಿನಲ್ಲಿ, ಹಾಗಾಗಿ ಉಳಿದುಕೊಂಡದ್ದು ಆ ಅಕ್ಕನ ಮನೆಯಲ್ಲಿ. ಡಾಕ್ಟರು ಒಂದು ಪಿನ್ನು ಹಿಡಿದು ಅಮ್ಮನ ಎಡ ಅಂಗೈ, ತೋಳು, ಕಾಲು ಚುಚ್ಚುತ್ತಾ ಬಂದರು.

“ಗೊತ್ತಾಗುತ್ತಾ ಅಮ್ಮಾ?”

“ಗೊತ್ತಾಗುತ್ತೆ.”

“ಇಲ್ಲಿ?”

“ಹೂಂ, ಗೊತ್ತಾಗುತ್ತೆ. ಅಷ್ಟು ಜೋರಾಗಿ ಯಾಕೆ ಚುಚ್ತೀರಿ?”

ಡಾಕ್ಟರು ನಕ್ಕರು. ಪಕ್ಕದಲ್ಲಿ ನಿಂತ ಮಗನೂ ನಕ್ಕ. ಅವಳ ಕಣ್ಣು ಪಿನ್ನಿನ ಹಿಂದೆಯೇ ಹೋಗುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ.

ಅವರು ಊರಲ್ಲಿಲ್ಲದ ದಿನಗಳಲ್ಲಿ ಮೋಡ ಚದುರಿ ಬಿಸಿಲು ಬಿದ್ದಿತ್ತು. ಮನೆಗೆ ಬಂದಾಗ ಬೆಳಗಿನ ಹೊತ್ತು. ಅವನಿಗೆ ಒಂದು ಮನೆಯಿಂದ ಫೋನು ಬಂತು, ಟ್ಯಾಂಕು ಸೋರುತ್ತಿದೆ ಅಂತ. ಚೀಲ ಇಳಿಸಿ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಹೊರಟ. ಸೊಸೆ ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿ ಬೆರಳೊಡ್ಡಿದಳು. ಬಂದದ್ದು ಅಷ್ಟು ದಿನ ಪೈಪಿನಲ್ಲಿ ನಿಂತಿದ್ದ ನೀರು, ತಣ್ಣಗಿತ್ತು.

“ಇನ್ನೂ ಬಿಸಿ ಬಂದಿಲ್ಲ ಅತ್ತೆ. ಸ್ವಲ್ಪ ಬಿಡಿ.”

“ನೀನು ಹೋಗಿ ಒಲೆ ನೋಡು. ನಂಗೊತ್ತು.”

ಬಾಗಿಲು ಮುಚ್ಚಿತು. ಬಕೆಟ್ಟು ತುಂಬುವ ಸದ್ದು ಅಡಿಗೆಮನೆಗೆ ಕೇಳುತ್ತಿತ್ತು. ಬಿಸಿ ಬಂದಿಲ್ಲ ಎಂದು ಸೊಸೆ ಹೇಳಿಹೋಗಿದ್ದರಿಂದ ಅಮ್ಮ ತಣ್ಣೀರಿನ ನಲ್ಲಿಯ ಗೊಡವೆಗೇ ಹೋಗಲಿಲ್ಲ. ತೋಳು ಮಡಚಿ ಎಡ ಮೊಣಕೈ ಅದ್ದಿದಳು. ಮೊಣಕೈ ಸುಮ್ಮನಿತ್ತು.

ಧಾಟಿ ಶುರುವಾಯಿತು. ಅನ್ನಕ್ಕೆ ನೀರಿಡುತ್ತಿದ್ದ ಸೊಸೆ, ಅತ್ತೆ ಇವತ್ತು ಉದ್ದನೆಯ ಪದ್ಯ ಹಿಡಿದಿದ್ದಾರೆ ಅಂದುಕೊಂಡಳು. ಅಮ್ಮ ಯಾವಾಗಲೂ ಎಡಪಾದದಿಂದ ಶುರುಮಾಡಿ ಮೊಣಕಾಲು, ತೊಡೆ, ಸೊಂಟ ಎಂದು ಮೇಲೆ ಬರುವವಳು. ಬಲಗಾಲನ್ನು ಆಚೆ ಚಾಚಿರುತ್ತಿದ್ದಳು; ಬಲಗೈಯಲ್ಲಿದ್ದ ಚೆಂಬಿಗೆ ಉದ್ದನೆಯ ಮರದ ಹಿಡಿ, ಆ ಕೈಗೆ ನೀರು ತಾಗುತ್ತಿರಲಿಲ್ಲ. ಒಂದು ಸಾಲು, ನೀರು. ಒಂದು ಸಾಲು, ನೀರು. ದನಿ ನಡುಗಲಿಲ್ಲ, ಉಸಿರು ತಪ್ಪಲಿಲ್ಲ. ಬಾಗಿಲಿನ ಸಂದಿಯಿಂದ ಹಬೆ ನೆಲದ ಮೇಲೆ ಹರಿದು ಬರುತ್ತಿದ್ದುದನ್ನು ಸೊಸೆ ಕಂಡಳು. ಪರವಾಗಿಲ್ಲ, ಬಿಸಿ ಬಂತಲ್ಲ ಅನ್ನಿಸಿತು. ಆಮೇಲೆ ಒಂದು ಸಾಲು ನಡುವಿನಲ್ಲೇ ನಿಂತಿತು. ಚೆಂಬು ಓರೆಯಾಗಿ ಬಲಪಾದದ ಮೇಲೆ ನೀರು ಬಿದ್ದಿತ್ತು, ಜೀವವಿದ್ದ ಪಾದದ ಮೇಲೆ.

ಆ ಕೂಗು ಬೀದಿಯ ಕೊನೆಗೂ ಕೇಳಿಸಿತಂತೆ.

ಸೊಸೆ ಬಾಗಿಲಿಗೆ ಹೆಗಲು ಕೊಟ್ಟು ನುಗ್ಗಿದಾಗ ಹಬೆಯೊಳಗೆ ಅತ್ತೆ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. “ಕಾಲು ಸುಟ್ಕೊಂಡೆ ಕಣೇ, ಈ ಕಾಲು ಸುಟ್ಕೊಂಡೆ,” ಎಂದು ಅದನ್ನೇ ತೋರಿಸುತ್ತಿದ್ದಳು. ಸೊಸೆಯ ಕಣ್ಣು ಹೋದದ್ದು ಇನ್ನೊಂದು ಕಾಲಿನ ಮೇಲೆ. ಅಲ್ಲಿ ತೊಡೆಯಿಂದ ಕೆಳಗೆ ಚರ್ಮ, ಕಳಚಿದ ಕಾಲುಚೀಲದ ಹಾಗೆ, ಸುಕ್ಕುಸುಕ್ಕಾಗಿ ಇಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಮಗ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತಾಗ ಅಮ್ಮ ಗೋಡೆಯ ಕಡೆ ಮುಖ ಮಾಡಿ ಹೇಳಿದಳು. “ಕೈ ಸತ್ತಿದೆ ಅಂತ ಗೊತ್ತಿತ್ತು ಕಣೋ. ಡಾಕ್ಟರ ಹತ್ರ ಸುಳ್ಳು ಹೇಳಿದೆ. ನಿಜ ಹೇಳಿದ್ರೆ ನೀವು ನನ್ನ ಒಬ್ಬಳನ್ನೇ ಬಚ್ಚಲಿಗೆ ಬಿಡ್ತಿರಲಿಲ್ಲ.”

“ಮತ್ತೆ ಅದೇ ಕೈಯಲ್ಲಿ ಯಾಕಮ್ಮಾ ನೋಡಿದೆ?”

“ಕೈ ಸತ್ತಿದ್ರೂ ಮೊಣಕೈ ಬದುಕಿದೆ ಅಂದುಕೊಂಡಿದ್ದೆ. ದಿನಾ ಸರಿಯಾಗೇ ಹೇಳ್ತಿತ್ತು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಲ್ಲಿ ಕೂರಲಾಗಲಿಲ್ಲ. ಸತ್ತ ಮೊಣಕೈ ಯಾವ ನೀರಿನಲ್ಲಿ ಅದ್ದಿದರೂ ಸುಮ್ಮನೇ ಇರುತ್ತದೆ. ಅಮ್ಮನ ವಿದ್ಯೆಯಲ್ಲಿ ಸುಮ್ಮನಿದ್ದರೆ ಸರಿ. ಅದು ತಣ್ಣೀರಿಗೂ ಸರಿ ಅಂದಿತ್ತು, ಕುದಿಯುವ ನೀರಿಗೂ ಸರಿ ಅಂದಿತ್ತು. ಅಲ್ಲಿಂದ ಎದ್ದವನೇ ಬಂದು ತಾರಸಿ ಹತ್ತಿದ್ದು.

ಪೈಪು ಬಿಟ್ಟ. ಅಂಗೈ ಕೆಂಪಾಗಿತ್ತು. ಅವನ ಕೈಗೆ ಉರಿ ಗೊತ್ತಾಗುತ್ತಿತ್ತು, ಅಮ್ಮನ ಕೈಗೂ ಇದಕ್ಕೂ ಅದೊಂದೇ ವ್ಯತ್ಯಾಸ. ಕೆಳಗಿಳಿದು ಗೋಣಿತಾಟು ತಂದು ಕೊಳವೆಗಳ ಮೇಲೆ ಹೊದಿಸಿದ. ಫೋನು ಹೊಡೆದುಕೊಂಡಿತು, ಯಾರೋ ಗಿರಾಕಿಯದು.

“ಬಿಸಿನೀರಣ್ಣ, ಏನಪ್ಪಾ ನಿನ್ನ ಸೋಲಾರು, ನೀರು ಸುಡೋದೇ ಇಲ್ವಲ್ಲ! ಚುರುಕ್ ಅನ್ನಬೇಕಪ್ಪಾ ಮೈಗೆ.”

“ಬರ್ತೀನಿ,” ಅಂದು ಇಟ್ಟುಬಿಟ್ಟ. ಹೋಗಲಿಲ್ಲ.

ಅಮ್ಮ ಮನೆಗೆ ಬರುವ ಹೊತ್ತಿಗೆ ಬಿಸಿಲ ಕಾಲ ಕಳೆದಿತ್ತು. ಬೆನ್ನಿನ ಚರ್ಮ ತೆಗೆದು ತೊಡೆಗೆ ಹಾಕಿದ್ದರು. ಅದರಲ್ಲಿ ಒಂದಷ್ಟು ಹಿಡಿಯಿತು, ಒಂದಷ್ಟು ಕಪ್ಪಾಗಿ ಉದುರಿತು. ಗೋಡೆ ಹಿಡಿದು ನಡೆಯುತ್ತಿದ್ದವಳು ಈಗ ಇಬ್ಬರ ಹೆಗಲ ಮೇಲೆ. ಅಷ್ಟರಲ್ಲಿ ಮಗ ಬಚ್ಚಲಿನ ಗೋಡೆ ಒಡೆದು ಪೈಪು ಬಿಚ್ಚಿ ಆ ಹಿತ್ತಾಳೆಯ ವಾಲ್ವ್ ಕೂರಿಸಿದ್ದ. ನಲ್ಲಿಯ ಪಕ್ಕ ಉಷ್ಣತೆ ತೋರಿಸುವ ಮುಳ್ಳು ಇಟ್ಟಿದ್ದ, ಹಿಡಿದುಕೊಳ್ಳಲು ಕಂಬಿ, ಕಾಲು ಜಾರದ ಚಾಪೆ. ಒಂದು ತಿಂಗಳ ದುಡಿಮೆ ಅಲ್ಲಿ ಹೋಯಿತು. ಚೆಂದದ ಬಚ್ಚಲು. ಗಿರಾಕಿಗಳನ್ನು ಕರೆತಂದು ತೋರಿಸಬಹುದಿತ್ತು.

ಸ್ನಾನ ಮಾಡಿಸುತ್ತಿದ್ದದ್ದು ಸೊಸೆ. ಬಾಗಿಲು ತೆರೆದೇ ಇರುತ್ತಿತ್ತು. ಅಮ್ಮ ಕಣ್ಣು ಮುಚ್ಚಿ, ತೊಳೆಯಲು ಇಟ್ಟ ಪಾತ್ರೆಯ ಹಾಗೆ ಕೂರುತ್ತಿದ್ದಳು. ಕೈ ಎತ್ತಿ ಅಂದರೆ ಎತ್ತುವಳು, ತಿರುಗಿ ಅಂದರೆ ತಿರುಗುವಳು. ನೀರು ಬೀಳುತ್ತಿತ್ತು, ಸಾಲು ಬರುತ್ತಿರಲಿಲ್ಲ. ಬೈಯುವುದನ್ನೂ ಬಿಟ್ಟಿದ್ದಳು. ಮಗನನ್ನು ಸಾಹೇಬರೇ ಅನ್ನುತ್ತಿರಲಿಲ್ಲ.

ಸೊಸೆ ಒಂದು ದಿನ ತಡೆಯಲಾರದೆ ಅಂದಳು: “ಹೇಳಿ ಅತ್ತೆ. ನಾನು ಆ ಕಡೆ ತಿರುಗಿ ನಿಂತ್ಕೊಳ್ತೀನಿ. ಕಿವಿ ಮುಚ್ಕೊಳ್ತೀನಿ ಬೇಕಾದ್ರೆ.”

“ಕಿವಿ ಮುಚ್ಚಿದ್ರೆ ನೀರು ಯಾರು ಹಾಕ್ತಾರೆ?”

“ನಿಮ್ಮ ಪಾಡಿಗೆ ಮನಸ್ಸಲ್ಲಾದ್ರೂ ಹೇಳ್ಕೊಳ್ಳಿ.”

“ಬರಲ್ಲ ಮಗಳೇ. ಬಾಯಿಗೆ ಬಂದದ್ದು ಬಾಯಲ್ಲೇ ಇತ್ತು. ಮನಸ್ಸಿಗೆ ಅದು ಗೊತ್ತೇ ಇಲ್ಲ.”

ಸೊಸೆ ಸೀರೆಯ ಸೆರಗಿನಿಂದ ತನ್ನ ಮುಖ ಒರೆಸಿಕೊಂಡು, ಟವಲಿನಿಂದ ಅತ್ತೆಯ ಮೈ ಒರೆಸಿದಳು. ಆ ದಿನ ಗಂಡನಿಗೆ ಹೇಳಿದಳು: “ನಾನೇ ಅಲ್ವಾ ಬಿಸಿ ಬಂದಿಲ್ಲ ಅಂದದ್ದು.” ಅವನು “ತಾಟು ಹೊದಿಸಬೇಡ ಅಂದೋನು ನಾನು” ಅಂದ. ಹೀಗೆ ಇಬ್ಬರೂ ತಪ್ಪನ್ನು ತಮ್ಮತಮ್ಮ ಕಡೆಗೆ ಎಳೆದುಕೊಂಡರು. ಯಾರ ಭಾರವೂ ಹಗುರಾಗಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಮಗನನ್ನು ಬಚ್ಚಲಿಗೆ ಕರೆದಳು. ಸೀರೆಯುಟ್ಟೇ ಸ್ಟೂಲಿನ ಮೇಲೆ ಕೂತಿದ್ದಳು. ಸೊಸೆ ಬಾಗಿಲ ಹತ್ತಿರ ಟವಲು ಹಿಡಿದು ನಿಂತಿದ್ದಳು.

“ಈ ವಾಲ್ವ್ ಮೋಸ ಮಾಡುತ್ತೇನೋ?”

“ಇಲ್ಲಮ್ಮ.”

“ತಣ್ಣೀರು ನಿಂತುಹೋದ್ರೆ?”

“ಬಿಸಿನೀರನ್ನೂ ನಿಲ್ಲಿಸಿಬಿಡುತ್ತೆ. ಹಾಗೇ ಮಾಡಿರ್ತಾರೆ ಅದನ್ನ.”

“ಮೇಲೆ ಕುದೀತಿದ್ರೂ?”

“ಕುದೀತಿದ್ರೂ ಇಲ್ಲಿಗೆ ಹದವಾಗೇ ಬರುತ್ತೆ.” ನಲ್ಲಿ ತಿರುಗಿಸಿ ತೋರಿಸಿದ. ಮುಳ್ಳು ಏರಿ ಒಂದು ಕಡೆ ನಿಂತಿತು, ಅಲ್ಲಿಂದ ಅಲುಗಲಿಲ್ಲ.

“ಗಿರಾಕಿಗಳಿಗೂ ಹೀಗೇ ಹೇಳ್ತೀಯಾ?”

“ಹೂಂ.”

“ಅವರ ಮನೇಲೂ ನನ್ನಂಥ ಮುದುಕೀರು ಇರ್ತಾರಲ್ಲ. ನಿನ್ನ ಮಾತು ನಂಬಿ ಬಾಗಿಲು ಹಾಕ್ಕೊಳ್ತಾರಲ್ಲ.”

ಅವನು ನಲ್ಲಿ ನಿಲ್ಲಿಸಿದ.

“ನನ್ನನ್ನೂ ಒಂದು ದಿನ ಬಿಡು,” ಅಂದಳು ಅಮ್ಮ. ಬಲಗೈ ಚಾಚಿ ಅವನ ಅಂಗಿಯ ತುದಿ ಹಿಡಿದುಕೊಂಡಳು. “ಈ ಕೈಯಲ್ಲೇ ನೋಡ್ತೀನಿ, ನಿನ್ನಾಣೆ. ಎಡಗೈ ಕಟ್ಟಿಹಾಕು ಬೇಕಾದ್ರೆ. ಒಂದೇ ಒಂದು ಪದ್ಯ ಆಗೋವಷ್ಟು ಹೊತ್ತು. ಮರೆತುಹೋಗ್ತಿದೆ ಕಣೋ. ಹೇಳ್ತಾ ಇದ್ರೆ ಉಳಿಯೋದು ಅದು, ಬರೆದಿಟ್ಟದ್ದಲ್ಲ. ನಿನ್ನೆ ದಿನವೆಲ್ಲ ಹುಡುಕಿದೆ, ಮೂರನೇ ಸಾಲು ಸಿಗಲಿಲ್ಲ. ಮೊದಲನೇದೂ ಹೋಗೋಕೆ ಮುಂಚೆ ಒಂದು ಸಲ ಹೇಳಿಬಿಡ್ತೀನಿ. ಮೇಲಿರೋನಿಗೆ ನಾನು ಸತ್ತೇ ಹೋದೆ ಅಂತ ಅನ್ನಿಸಬಾರದಲ್ಲ.”

ಸೊಸೆ ಗಂಡನ ಮುಖ ನೋಡಿದಳು. ಹೂಂ ಅನ್ನಿ ಎಂದು ಅವಳ ತುಟಿ ಅಲುಗಿತು.

ಅವನಿಗೆ ವಾಲ್ವಿನ ಒಳಗಿನ ಒಂದೊಂದು ತಿರುಪೂ ಗೊತ್ತಿತ್ತು. ಅದು ಸುಳ್ಳು ಹೇಳುವುದಿಲ್ಲವೆಂದು ಗೊತ್ತಿತ್ತು. ಆದರೆ ಆ ಬಾಗಿಲು ಮುಚ್ಚಿದೊಡನೆ ಒಳಗಿನಿಂದ ಧಾಟಿ ಕೇಳುತ್ತದೆ, ನಡುಗದ ದನಿ, ತಪ್ಪದ ಉಸಿರು; ಅದು ಸುಖದ್ದೋ ಸುಡುತ್ತಿರುವುದರದ್ದೋ ಹೊರಗೆ ನಿಂತವರಿಗೆ ತಿಳಿಯುವ ಬಗೆ ಯಾವುದೂ ಇಲ್ಲ. ಅವನು ಬಗ್ಗಿ, ಅಂಗಿಯ ತುದಿಯಿಂದ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

“ಇಲ್ಲಮ್ಮ. ಬಾಗಿಲು ಹಾಕ್ಕೊಳ್ಳೋಕೆ ನಾನು ಬಿಡಲ್ಲ. ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ.”